ಐದು ರೂಪಾಯಿ ಟಿಕೆಟ್ಟೂ ಪಾಸಿನವರ ದೂರೂ

ಟಿಕೆಟ್ಟಿಗೆ ಮೊಹರು ಒತ್ತಿಕೊಡುವ ಮನರಂಜನಾ ತೆರಿಗೆ ಅಧಿಕಾರಿಗಳೇ,

ಗುಬ್ಬಿಯಲ್ಲಿ ನಮ್ಮ ಸಂಗೀತ ಕೂಟ ಫೆಬ್ರವರಿ ಎಂಟರಂದು ನಡೆಸಿದ ಕಾರ್ಯಕ್ರಮಕ್ಕೆ ಐದು ರೂಪಾಯಿ ಟಿಕೆಟ್ ಇಟ್ಟದ್ದು ಸುಲಿಗೆ ಎಂದು ತಮಗೆ ದೂರು ಬಂದಿದೆಯಂತೆ. ಎರಡು ರೂಪಾಯಿಗೆ ಇಳಿಸದಿದ್ದರೆ ಏಪ್ರಿಲ್‌ನಲ್ಲಿ ಕುಣಿಗಲ್ಲಿನ ಕಾರ್ಯಕ್ರಮದ ಟಿಕೆಟ್ಟಿಗೆ ಮೊಹರು ಬೀಳುವುದಿಲ್ಲವೆಂದು ನೋಟೀಸು ಕಳಿಸಿದ್ದೀರಿ. ದೂರು ಕೊಟ್ಟ ಮಹನೀಯರು ಯಾರೆಂದು ವಿಚಾರಿಸಿದೆ. ಎಂಟು ಜನರ ಸಂಸಾರ ಸಮೇತ ಪಾಸಿನಲ್ಲಿ ಬಂದು, ಮುಂದಿನ ಸಾಲಿನಲ್ಲಿ ಕೂತು, ಎರಡು ಸಲ ಕಾಫಿ ತರಿಸಿಕೊಂಡವರು. ಟಿಕೆಟ್ಟನ್ನೇ ಕೊಳ್ಳದವರಿಗೆ ಅದರ ಬೆಲೆ ಇಷ್ಟು ಭಾರವಾದದ್ದು ಹೇಗೆ ಸ್ವಾಮಿ?

ಒಂದೂವರೆ ರೂಪಾಯಿಗೆ ಸಿನಿಮಾ ಸಿಗುತ್ತದಲ್ಲ ಎಂದು ಕೇಳಿದ್ದೀರಿ. ನಿಜ. ಪರದೆಯ ಮೇಲಿನ ನಾಯಕ ದಿನಕ್ಕೆ ನಾಲ್ಕು ಆಟ ಕುಣಿದರೂ ಒಂದು ಮುದ್ದೆ ಕೇಳುವುದಿಲ್ಲ. ನಮ್ಮ ಹನ್ನೊಂದು ಮಂದಿ ವಾದ್ಯದವರಿಗೆ ಹಸಿವಾಗುತ್ತದೆ. ಬಸ್ಸಿನ ಕಂಡಕ್ಟರು ಅವರ ಡ್ರಮ್ಮಿಗೂ ಟಿಕೆಟ್ ಹರಿಯುತ್ತಾನೆ. ಮೈಕ್ ಸೆಟ್ಟಿನ ಬಾಡಿಗೆ, ಕರೆಂಟ್ ಕೈಕೊಟ್ಟೀತೆಂದು ಜನರೇಟರು, ಧ್ವನಿವರ್ಧಕಕ್ಕೆ ಪರವಾನಗಿ, ಕೊನೆಗೆ ತಮ್ಮ ತೆರಿಗೆ. ಅದನ್ನು ಕಟ್ಟಿ ಮೊಹರು ಹಾಕಿಸಿಕೊಳ್ಳಲು ತುಮಕೂರಿಗೆ ಮೂರು ಸಲ ಅಲೆದೆ. ಮೊದಲ ಸಲ ಸಾಹೇಬರಿರಲಿಲ್ಲ. ಎರಡನೇ ಸಲ ಮೊಹರು ಬೀರುವಿನಲ್ಲಿತ್ತು, ಬೀರುವಿನ ಬೀಗದಕೈ ಸಾಹೇಬರ ಜೇಬಿನಲ್ಲಿ ಕ್ಯಾಂಪಿಗೆ ಹೋಗಿತ್ತು. ಮೂರನೇ ಸಲ ಶಾಯಿ ಒಣಗಿತ್ತು. ಪೇಟೆಯಿಂದ ನಾನೇ ತಂದುಕೊಟ್ಟೆ. ಆ ಶಾಯಿಯೂ ಐದು ರೂಪಾಯಿಯೊಳಗೇ ಸೇರಿದೆ, ತಮ್ಮ ಗಮನಕ್ಕಿರಲಿ. ಇಷ್ಟಾದ ಮೇಲೆ ಇನ್ನೂರು ಕುರ್ಚಿಗಳಲ್ಲಿ ಅರವತ್ತೆರಡು ಪಾಸಿನವರ ಪಾಲು. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಜನ. ಅವರ ಕುರ್ಚಿಯ ದುಡ್ಡನ್ನೂ ಕೊಟ್ಟವರು ಹಿಂದೆ ಕೂತವರು.

ಇನ್ನೆಲ್ಲಿ ಕಡಿಮೆ ಮಾಡಲಿ? ನಾನು ದರ್ಜಿ. ಬಟ್ಟೆ ಸಾಲದಾಗ ಕತ್ತರಿ ಎಲ್ಲಿಗೆ ಹೋಗುತ್ತದೆಂದು ಬಲ್ಲೆ. ಅದು ಹೋಗುವುದು ವಾದ್ಯದವರ ಸಂಭಾವನೆಗೆ. ಕುಣಿಗಲ್ಲಿನ ಕ್ಲಾರಿನೆಟ್ ರಂಗಣ್ಣ ಇಪ್ಪತ್ತೆರಡು ವರ್ಷ ಮದುವೆ ದಿಬ್ಬಣಗಳ ಮುಂದೆ ನಡೆಯುತ್ತಲೇ ಊದಿದವನು. ಕುರ್ಚಿಯಲ್ಲಿ ಕೂತು, ಮೈಕಿನಲ್ಲಿ ಹೆಸರು ಹೇಳಿಸಿಕೊಂಡು ಊದಿದ್ದು ಗುಬ್ಬಿಯಲ್ಲಿ ಅವತ್ತೇ ಮೊದಲು. ಅವನ ಹೆಂಡತಿ ಕದರಮ್ಮ ಕುದುರೆ ಫಾರಮ್ಮಿನಲ್ಲಿ ಹುಲ್ಲು ಕೊಯ್ಯುವಾಕೆ. ಪಾಸ್ ಕೊಡಹೋದರೆ ಮುಟ್ಟಲಿಲ್ಲ. “ನಾವೇ ಬಿಟ್ಟಿ ಕೇಳುದ್ರೆ ಇನ್ಯಾರು ಕಾಸು ಕೊಡ್ತಾರೆ, ಬುಡಿ” ಎಂದು ಒಂದು ದಿನದ ಕೂಲಿಯನ್ನು ಮುಂದಿಟ್ಟು ಮೂರನೇ ಸಾಲಿನ ಟಿಕೆಟ್ ಕೊಂಡಳು.

ಶುರುವಾಗುವ ಹೊತ್ತಿಗೆ ತಮ್ಮ ಕಚೇರಿಯ ನಾಲ್ಕು ಪಾಸಿನಲ್ಲಿ ಹನ್ನೊಂದು ಮಂದಿ ಬಂದಿಳಿದರು. ಕುರ್ಚಿ ಸಾಲಲಿಲ್ಲ. ಸುಳ್ಳೇಕೆ ಹೇಳಲಿ, ಮುಂದಿನ ಮೊಹರಿನ ಭಯಕ್ಕೆ ಕದರಮ್ಮನನ್ನು ಏಳಮ್ಮಾ ಎಂದವನು ನಾನೇ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಆಕೆ ಎದ್ದುಹೋಗಿ ಹಿಂದೆ ಜನರೇಟರಿನ ಪಕ್ಕ ನಿಂತಳು. ಮುಗಿದ ಮೇಲೆ ರಂಗಣ್ಣ ಹೇಗಿತ್ತೆಂದು ಕೇಳಿದ, ಚೆಂದಾಗಿತ್ತು ಎಂದಳು. ಅವನು ಅತ್ತ ಹೋದ ಮೇಲೆ ನನ್ನ ಹತ್ತಿರ ಬಂದಳು.

“ಊದಿದ್ದು ಕಾಣ್ತು, ಕೇಳುಸ್ಲಿಲ್ಲ. ಅವ್ರಿಗೆ ಹೇಳ್ಬ್ಯಾಡಿ.”

ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ರಂಗಣ್ಣನಿಗೆ ಓದು ಬಾರದು. ಅವನಿಗೆ ಈ ಪತ್ರ ಓದಿ ಹೇಳುವ ಕುಣಿಗಲ್ಲಿನವರು ದಯವಿಟ್ಟು ಆ ಸಾಲನ್ನು ನುಂಗಿಕೊಳ್ಳಿ.

ಆದ್ದರಿಂದ ಬೆಲೆ ಐದೇ ರೂಪಾಯಿ, ಒಂದು ಪೈಸೆ ಕಡಿಮೆಯಿಲ್ಲ. ಮೊಹರು ಒತ್ತಿಕೊಡಿ. ಪಾಸು ಈ ಸಲ ಯಾರಿಗೂ ಇಲ್ಲ, ತಮಗೂ ಇಲ್ಲ. ಸಂಗೀತ ಬೇಕೆನಿಸಿದರೆ ಏಪ್ರಿಲ್ ಐದರ ಭಾನುವಾರ ಕೌಂಟರಿನ ಮುಂದೆ ಎಲ್ಲರ ಜೊತೆ ನಿಂತು ಟಿಕೆಟ್ ಕೊಳ್ಳಿ, ಸಂತೋಷವಾಗಿ ಕೂರಿಸುತ್ತೇವೆ. ಕದರಮ್ಮ ಈ ಸಲದ ಐದು ರೂಪಾಯಿಯನ್ನು ಆಗಲೇ ನನ್ನ ಅಂಗಡಿಗೆ ತಲುಪಿಸಿದ್ದಾಳೆ. ಆಕೆಯ ಕುರ್ಚಿಯಲ್ಲಿ ಬೇರೆ ಯಾರೇ ಕೂತಿದ್ದರೂ, ಅದು ತಾವೇ ಆಗಿದ್ದರೂ, ಏಳಿ ಎನ್ನುತ್ತೇನೆ.

ಇಂತಿ,
ತಪ್ಪಿದ್ದವರನ್ನು ಏಳಿಸದೆ ತಪ್ಪಿಲ್ಲದವಳನ್ನು ಏಳಿಸಿದ
ಚನ್ನಬಸವಯ್ಯ,
ದರ್ಜಿ ಮತ್ತು ಸಂಗೀತ ಕೂಟದ ಕಾರ್ಯದರ್ಶಿ
ಗುಬ್ಬಿ, ಮಾರ್ಚ್ ೧೯೮೧