ಬೀಳಲು ಕಲಿತದ್ದು

ಪುಟ್ಟಿಯ ಅಮ್ಮನಿಗೆ,

ನೀನು ತವರಿಗೆ ಹೋದ ಮೇಲೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ನಿಮ್ಮಣ್ಣನಿಗೂ ಹೇಳು. ಬಣ್ಣ ಬಳಿಯುವ ಕೆಲಸವೂ ನಡೆಯುತ್ತಿದೆ.

ಪುಟ್ಟಿ ತೀರಿಹೋದ ಮೇಲೆ ಅವಳ ಜೂಡೋ ಬಟ್ಟೆ ಕಪಾಟಿನಲ್ಲೇ ಇತ್ತಲ್ಲ, ಬೇರೆ ಮಗುವಿಗಾದರೂ ಆಗಲಿ ಎಂದು ಕೊಡಲು ಹೋದೆ. ಅವಳ ಮೇಷ್ಟ್ರು, "ನೀವೇ ಸೇರ್ಕೊಳ್ಳಿ" ಅಂದರು. ನಗಬೇಡ, ಸೇರಿಬಿಟ್ಟೆ. ಮಕ್ಕಳ ಸಾಲಿನ ಕೊನೆಗೆ ನಿಲ್ಲುತ್ತೇನೆ.

ಅಲ್ಲಿ ಮೊದಲು ಕಲಿಸುವುದೇ ಬೀಳುವುದನ್ನು. ಹಿಂದಕ್ಕೆ ಬಿದ್ದು ಎರಡೂ ಕೈಯಿಂದ ಚಾಪೆಗೆ ಬಡಿಯಬೇಕು. ಇಷ್ಟು ವರ್ಷ ಏಣಿಯ ಮೇಲೆ ಬೀಳದ ಹಾಗೆ ನಿಂತು ಅನ್ನ ಸಂಪಾದಿಸಿದವನು ನಾನು. ಮೈ ಕೇಳಲೇ ಇಲ್ಲ. ಪ್ರತಿ ಸಲವೂ ಕೈ ಗೋಡೆ ಹುಡುಕುತ್ತಿತ್ತು. ಇದು ನನ್ನ ಕೈಲಾಗದು, ನಾಳೆಯಿಂದ ಬರುವುದಿಲ್ಲ ಎಂದೂ ಹೇಳಿಬಿಟ್ಟೆ.

"ಮೈ ಸಡಿಲ ಬಿಡಿ, ಚಾಪೆ ಹಿಡ್ಕೊಳ್ಳುತ್ತೆ" ಅಂದರು ಮೇಷ್ಟ್ರು.

ನಿನ್ನೆ ಮೈ ಸಡಿಲ ಬಿಟ್ಟೆ. ಧಪ್ಪೆಂದಿತು. ಪುಟ್ಟಿ ಕೋಣೆಯಲ್ಲಿ ಹಾಸಿಗೆಯ ಮೇಲೆ ಬಿದ್ದು ಬಿದ್ದು ಅಭ್ಯಾಸ ಮಾಡುವಾಗ ನೀನು ಅಡುಗೆಮನೆಯಿಂದಲೇ, "ಮಂಚ ಮುರೀತೀಯೇನೇ!" ಎಂದು ಕೂಗುತ್ತಿದ್ದೆಯಲ್ಲ, ಅದೇ ಸದ್ದು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನನಗೆ ತುಂಬ ಹೊತ್ತು ಏಳಲಾಗಲಿಲ್ಲ. ಪೆಟ್ಟೇನೂ ಆಗಿಲ್ಲ, ಗಾಬರಿಯಾಗಬೇಡ.

ಮನೆಯಲ್ಲೂ ಅಭ್ಯಾಸ ಮಾಡಬೇಕಂತೆ. ಅವಳ ಹಾಸಿಗೆ ನೀನು ಸುತ್ತಿ ಕಟ್ಟಿಟ್ಟ ಹಾಗೆಯೇ ಇದೆ. ನಿನ್ನನ್ನು ಕೇಳದೆ ಅದನ್ನು ಬಿಚ್ಚಲಾರೆ.

ಬಿಚ್ಚಲೇ? ಹೂಂ ಅನ್ನುವುದಾದರೆ, ಬೈಯಲು ನೀನೂ ಬಾ.

ಇಂತಿ,
ಪುಟ್ಟಿಯ ಅಪ್ಪ