ಉಂಗುರಕ್ಕೆ ಹೊಂದಿದ ಗಾಯ

ಮೇಕಪ್ ಕೋಣೆಯಿಂದ,
ಮಂಗಳವಾರ, ನವೆಂಬರ್ ೧೨

ನನ್ನ ಪುಟ್ಟಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೊಂಡಿರುತ್ತೀಯ. ಬೈದುಕೊ, ತಪ್ಪು ನನ್ನದೇ. ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆ ‘ಅಪ್ಪಾ’ ಅಂದುಬಿಟ್ಟರೆ ಹೇಳಬೇಕಾದ್ದನ್ನು ಬಿಟ್ಟು ‘ಊಟ ಆಯ್ತಾ’ ಎಂದು ಕೇಳಿಬಿಡುತ್ತೇನೆ. ಕಾಗದವಾದರೆ ಮಧ್ಯೆ ಬಾಯಿ ಹಾಕುವುದಿಲ್ಲ. ಅಳಿಯಂದಿರು ಕ್ಷೇಮ ತಾನೆ? ನಿನ್ನ ಅಮ್ಮನ ಮಂಡಿನೋವು ಹೇಗಿದೆ?

ನೀನು ಬರೆದಿದ್ದನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ‘ಅಮ್ಮ ಇಲ್ಲಿಗೆ ಬಂದು ಎಂಟು ತಿಂಗಳಾಯ್ತು. ಅರವತ್ತನೇ ವಯಸ್ಸಲ್ಲಿ ಗಂಡನ ಹತ್ರ ಮುನಿಸಿಕೊಂಡು ಮನೆ ಬಿಡೋದು ಅಂದ್ರೇನಪ್ಪಾ? ಕಾರಣ ಕೇಳಿದ್ರೆ ಬಾಯೇ ಬಿಡಲ್ಲ. ಬರೀ ಹಟ. ನವೆಂಬರ್ ಹದಿನೇಳನೇ ತಾರೀಖು ಭಾನುವಾರ ನಾನೇ ಕರ್ಕೊಂಡು ಬಂದು ನಿನ್ನ ಹತ್ರ ಬಿಡ್ತೀನಿ.’ ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿನಗೆ ಬೇಕಾದ ಸುದ್ದಿ, ಈ ವಾರದ ಕೊಲೆ.

ನಮ್ಮ ಧಾರಾವಾಹಿಗೆ ಇಪ್ಪತ್ತನಾಲ್ಕು ವರ್ಷ ತುಂಬಿತು. ಅದೇ ಪುಟ್ಟ ಹಳ್ಳಿ, ವಾರಕ್ಕೊಂದು ಕೊಲೆ. ನ್ಯಾಯವಾಗಿ ನೋಡಿದರೆ ಆ ಊರಿನಲ್ಲಿ ಈಗ ಹೆಣ ಎತ್ತಲೂ ಜನ ಉಳಿದಿರಬಾರದು. ಆದರೂ ಪ್ರತಿ ಗುರುವಾರ ಸಾಯಲು ಒಬ್ಬ ಹೊಸಬ ಸಿಗುತ್ತಾನೆ. ಕೊಡಲಿ, ಕುಡುಗೋಲು, ಬಾವಿಯ ಹಗ್ಗ, ಯಾವುದರಿಂದ ಸತ್ತರೂ ಗಾಯ ಮಾತ್ರ ನನ್ನದು. ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ ಹಾಕಿದರೆ ರಕ್ತ. ಮೇಣ ತಟ್ಟಿದರೆ ಹರಿದ ಮಾಂಸ. ಇಲ್ಲಿ ಎಲ್ಲರಿಗೂ ನಾನು ಗಾಯದ ಮೇಷ್ಟ್ರು. ನೀನು ಚಿಕ್ಕವಳಿದ್ದಾಗ ಟೀವಿಯಲ್ಲಿ ಹೆಣ ಕಂಡ ಕೂಡಲೇ ಓಡಿಹೋಗಿ ಕಪಾಟಿನ ಪರದೆಯ ಹಿಂದೆ ಅಡಗಿಕೊಳ್ಳುತ್ತಿದ್ದೆ. ಅಲ್ಲಿಂದಲೇ ಇಣುಕಿ, ಇನ್ಸ್‌ಪೆಕ್ಟರ್ ಬಾಯಿ ಬಿಡುವ ಮೊದಲೇ ‘ಅವನೇ ಕೊಂದಿದ್ದು!’ ಎಂದು ಕೂಗುತ್ತಿದ್ದೆ. ಒಂದು ಸಲವೂ ತಪ್ಪಿದವಳಲ್ಲ ನೀನು.

ಈ ಸಲ ಸತ್ತವಳು ಹಿಟ್ಟಿನ ಗಿರಣಿಯವನ ಹೆಂಡತಿ. ಬರೆದುಕೊಟ್ಟ ಕಥೆಯ ಪ್ರಕಾರ, ಬೇಲಿಯ ಜಗಳದಲ್ಲಿ ಪಕ್ಕದ ಮನೆಯವಳು ಅವಳನ್ನು ಮೆಟ್ಟಿಲ ಮೇಲಿಂದ ತಳ್ಳುತ್ತಾಳೆ, ಕಲ್ಲಿನ ಅಂಚಿಗೆ ಹಣೆ ಒಡೆಯುತ್ತದೆ. ನಾನು ಮಾಡಬೇಕಾಗಿದ್ದದ್ದು ಮೆಟ್ಟಿಲಿನ ಗಾಯ. ಅಂಥವನ್ನು ಕಣ್ಣು ಮುಚ್ಚಿ ಮಾಡಬಲ್ಲೆ. ಅವತ್ತು ಹಾಗೆಯೇ ಮಾಡಿದೆನೋ ಏನೋ. ನಿನ್ನ ಕಾಗದ ಜೇಬಿನಲ್ಲಿತ್ತು, ಮನಸ್ಸು ಅದರಲ್ಲಿತ್ತು, ಕೈ ತನ್ನ ಪಾಡಿಗೆ ಕೆಲಸ ಮಾಡಿತು.

ಮುಗಿಸಿ ನೋಡಿದರೆ ಎಡಹುಬ್ಬಿನ ಮೇಲೆ ಚರ್ಮ ಅರ್ಧಚಂದ್ರದಂತೆ ಹರಿದಿದೆ. ಅದರ ತುದಿಯಲ್ಲಿ ಚೌಕಾಕಾರದ ಸಣ್ಣ ತಗ್ಗು. ಕಣ್ಣಿನ ಸುತ್ತ ನೀಲಿ. ಯಾರೂ ಕೇಳದಿದ್ದರೂ ಬಲತೋಳಿನ ಹೊರಬದಿಗೆ ನಾಲ್ಕು ಬೆರಳಿನ ಕಪ್ಪು ಗುರುತು, ಒಳಬದಿಗೆ ಹೆಬ್ಬೆರಳಿನದು. ನಟಿ ಕನ್ನಡಿಯಲ್ಲಿ ಮುಖವನ್ನು ಆಚೀಚೆ ತಿರುಗಿಸಿ ನೋಡಿಕೊಂಡಳು. ಆಮೇಲೆ, “ಮೇಷ್ಟ್ರೇ, ಇವಳು ಬಿದ್ದು ಸತ್ತವಳ ಥರ ಕಾಣ್ತಿಲ್ಲ” ಎಂದಳು. “ಕ್ಯಾಮೆರಾದಲ್ಲಿ ಎಲ್ಲ ಸರಿಹೋಗುತ್ತಮ್ಮ” ಎಂದು ಕಳಿಸಿಬಿಟ್ಟೆ.

ಅವಳ ಹೆಣದ ದೃಶ್ಯಗಳೆಲ್ಲ ಅರ್ಧ ದಿನದಲ್ಲಿ ಮುಗಿದವು. ಮಧ್ಯಾಹ್ನ ನಮ್ಮ ಸಲಹೆಗಾರ ಡಾಕ್ಟರು ಬಂದರು. ಮೂವತ್ತು ವರ್ಷ ಹೆಣ ಕೊಯ್ದು ನಿವೃತ್ತರಾದವರು, ನಮ್ಮ ತಪ್ಪು ಹುಡುಕುವುದೇ ಅವರಿಗೀಗ ಕಾಲಕ್ಷೇಪ. ಚಿತ್ರೀಕರಿಸಿದ್ದನ್ನು ನೋಡಿ ಕನ್ನಡಕ ತೆಗೆದರು. “ಇದು ಮೆಟ್ಟಿಲಲ್ಲ ರೀ. ಕೈ. ಎಡಗೈಲಿ ತೋಳು ಹಿಡ್ಕೊಂಡು ಬಲಗೈಲಿ ಹೊಡೆದಿದಾನೆ. ಬಲಗೈಲಿ ಚೌಕದ ಕಲ್ಲಿನ ಉಂಗುರ ಇದೆ. ಹೊಡೆದೋನು ಮನೆಯೋನೇ.”

ನಿರ್ದೇಶಕ ತಲೆ ಕೆರೆದುಕೊಂಡ. ಹೆಣದ ದೃಶ್ಯಗಳನ್ನೆಲ್ಲ ಮತ್ತೆ ಚಿತ್ರೀಕರಿಸಲು ಸಮಯವಿಲ್ಲ, ಗುರುವಾರ ಪ್ರಸಾರ. ಇದ್ದಕ್ಕಿದ್ದಂತೆ ಚಪ್ಪಾಳೆ ತಟ್ಟಿದ. “ಗಾಯ ಬದಲಾಯ್ಸೋಕೆ ಆಗಲ್ಲ. ಕೊಲೆಗಾರನ್ನೇ ಬದಲಾಯ್ಸೋಣ. ಗಂಡನೇ ಕೊಂದ!” ಪಕ್ಕದ ಮನೆಯವಳು ಒಂದೇ ಕ್ಷಣದಲ್ಲಿ ನಿರಪರಾಧಿಯಾದಳು.

ಆಮೇಲೆ ಉಂಗುರದ ಹುಡುಕಾಟ. ಸಾಮಾನಿನ ಪೆಟ್ಟಿಗೆಯಿಂದ ನಾಲ್ಕು ತಂದು ಮೇಣದ ಗಾಯಕ್ಕೆ ಒತ್ತಿ ನೋಡಿದರು, ಒಂದೂ ಕೂರಲಿಲ್ಲ. ನಿರ್ದೇಶಕನ ಕಣ್ಣು ನನ್ನ ಕೈಗೆ ಬಿತ್ತು. ನಿನ್ನ ತಾತ ಮದುವೆಯಲ್ಲಿ ನನಗೆ ಹಾಕಿದ ಉಂಗುರ. ಬಿಚ್ಚಿಕೊಟ್ಟೆ. ಮುಚ್ಚಳ ಕೂತ ಹಾಗೆ ಕೂತಿತು. “ಅದನ್ನೇ ನೋಡ್ಕೊಂಡು ಮಾಡಿದ್ರಾ? ಕಿಲಾಡಿ!” ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಡಾಕ್ಟರು ಮಾತ್ರ ನಗಲಿಲ್ಲ.

ಗಂಡನ ಪಾತ್ರದವನು ಮೆತ್ತಗಿನ ಮನುಷ್ಯ, ಏಟು ಏಟಿನ ಹಾಗೆ ಕಾಣುತ್ತಿರಲಿಲ್ಲ. “ಮೇಷ್ಟ್ರೇ, ನೀವೇ ಒಂದ್ಸಲ ತೋರಿಸಿ” ಎಂದರು. ತೋರಿಸಿದೆ. ಎಡಗೈಯಲ್ಲಿ ನಟಿಯ ತೋಳು ಹಿಡಿದು ಗೋಡೆಗೆ ಒತ್ತಿದೆ, ಬಲಗೈ ಎತ್ತಿ ಅವಳ ಹಣೆಯಿಂದ ಗೇಣು ದೂರದಲ್ಲಿ ನಿಲ್ಲಿಸಿದೆ. ಅವಳು ಹೆದರಿ ಅಂಗೈ ಅಡ್ಡ ಹಿಡಿದಳು. “ಕೈ ಅಡ್ಡ ತರಬೇಡ. ತಂದರೆ ಎರಡನೇ ಏಟು ಜೋರಾಗುತ್ತೆ” ಎಂದೆ. ಬಾಯಿಂದ ಹೊರಬಿದ್ದ ಮೇಲೆ ಅದು ನನಗೇ ಕೇಳಿಸಿತು.

ಕೊಲೆಯ ಆ ಒಂದು ದೃಶ್ಯವನ್ನು ಒಂಬತ್ತು ಸಲ ಚಿತ್ರೀಕರಿಸಿದರು. ಒಂಬತ್ತು ಸಲವೂ ಅವಳ ತಲೆ ಗೋಡೆಗೆ ಬಡಿಯಿತು, ಹಣೆಗೆ ಅಂಟಿಸಿದ್ದ ಪಾಕದ ಪುಟ್ಟ ಚೀಲ ಒಡೆದು ರಕ್ತ ಕಣ್ಣಿಗೆ, ಬಾಯಿಗೆ, ಕತ್ತಿಗೆ ಇಳಿಯಿತು. ಅವನು ಕೂದಲು ಹಿಡಿದು ಎಳೆದು ಮೆಟ್ಟಿಲ ಅಂಚಿಗೆ ಅಪ್ಪಳಿಸಿದ. ರಟ್ಟಿನ ಮೆಟ್ಟಿಲು, ಸದ್ದು ಆಮೇಲೆ ಸೇರಿಸುತ್ತಾರೆ. ನನಗೆ ಆ ಸದ್ದು ಆಗಲೇ ಕೇಳಿಸುತ್ತಿತ್ತು. ಪ್ರತಿ ಸಲ ನಾನೇ ಹೋಗಿ ಅವಳ ಮುಖ ಒರೆಸಿ, ಮತ್ತೆ ಅದೇ ಜಾಗದಲ್ಲಿ ಅದೇ ಗಾಯ ಅಂಟಿಸಿದೆ. ಕೊನೆಯ ಸಲ ಮೇಣ ಕೈಯಿಂದ ಜಾರಿ ನೆಲಕ್ಕೆ ಬಿತ್ತು. “ವಯಸ್ಸಾಯ್ತಲ್ಲ ಮೇಷ್ಟ್ರೇ” ಎಂದಳು ಪಾಪ, ಮುಖದ ತುಂಬ ರಕ್ತ ಇಟ್ಟುಕೊಂಡು ನಗುತ್ತಾ.

ಇಷ್ಟು ವರ್ಷದಲ್ಲಿ ಇಂಥ ಕೊಲೆ ಬಂದೇ ಇಲ್ಲವಂತೆ. ನಿರ್ದೇಶಕ ನನ್ನನ್ನು ತಬ್ಬಿಕೊಂಡ. ನಾನು ಬಿಡಿಸಿಕೊಂಡು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡೆ. ಈ ಕಾಗದ ನಾಳೆಯೇ ನಿನಗೆ ಸಿಗಲೆಂದು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಗುರುವಾರ ನೀನು ಈ ಕಂತು ನೋಡು, ಒಬ್ಬಳೇ ನೋಡು. ಅಮ್ಮನಿಗೆ ತೋರಿಸಬೇಡ. ಆ ಹೊತ್ತಿಗೆ ಅವಳನ್ನು ಅಳಿಯಂದಿರ ಜೊತೆ ಎಲ್ಲಿಗಾದರೂ ಕಳಿಸು.

ನೀನು ಚೆನ್ನಾಗಿರು. ನಿನ್ನ ಮೈಮೇಲೆ ಯಾರ ಕೈಯೂ ಏಳದಿರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನ್ನಲ್ಲಿಲ್ಲ.

ಇಂತಿ,
ನಿನ್ನ ಅಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು. ಭಾನುವಾರ ಅಮ್ಮನನ್ನು ಕರೆತರಬೇಡ. ಯಾವ ಭಾನುವಾರವೂ ಬೇಡ. ಅವಳದು ಹಟವಲ್ಲ. ಎಂಟು ತಿಂಗಳ ಹಿಂದೆ ನಾನು ಮತ್ತೆ ಕೈ ಎತ್ತಿದೆ, ಅವಳು ಚೀಲ ತೆಗೆದುಕೊಂಡು ಹೊರಟಳು. ನಿನ್ನ ಕಣ್ಣಿನಲ್ಲಿ ನಾನು ಅಪ್ಪನಾಗಿ ಉಳಿಯಲಿ ಎಂದು ನಿನ್ನ ಬೈಗುಳವನ್ನು ತಾನೇ ತಿನ್ನುತ್ತಿದ್ದಾಳೆ. ಅವಳ ಎಡಹುಬ್ಬಿನ ಮೇಲಿನ ಕಲೆ ನಿನಗೆ ಗೊತ್ತು. ಆಗ ನಿನಗೆ ಏಳು ವರ್ಷ. ಹೊಲಿಗೆ ಹಾಕಿದ ಡಾಕ್ಟರಮ್ಮ ಕೇಳಿದಾಗ ‘ಅಮ್ಮಂಗೆ ಕಪಾಟಿನ ಬಾಗಿಲು ಬಡೀತು’ ಎಂದವಳು ನೀನೇ. ಆಸ್ಪತ್ರೆಯ ದಾರಿಯುದ್ದಕ್ಕೂ ಅದನ್ನು ನಿನಗೆ ಬಾಯಿಪಾಠ ಮಾಡಿಸಿದವನು ನಾನು. ಹೇಳಿ ಹೇಳಿ ನೀನೂ ನಂಬಿಬಿಟ್ಟೆ. ಊರಿನ ಕೊಲೆಗಾರರನ್ನೆಲ್ಲ ಹಿಡಿದ ನೀನು ಇದೊಂದರಲ್ಲಿ ತಪ್ಪಿದೆ. ನೆನಪು ಮಾಡಿಕೊ ಮಗಳೇ, ನಮ್ಮ ಕಪಾಟಿಗೆ ಬಾಗಿಲು ಎಲ್ಲಿತ್ತು? ಪರದೆ ಇತ್ತು.