ಹಣೆಯ ಮೇಲಿಟ್ಟ ನಾಣ್ಯ

ನೆರೆದ ಮಹಾಜನರೇ, ಗುಬ್ಬಿಯ ರಸಿಕರೇ, ಕೇಳಿ! ನಾನು ರಂಗದ ಮೇಲೆ ಹೀಗೆ ಗುಡುಗಿದಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದವನು ನೀನು, ಬೆಟ್ಟಸ್ವಾಮಿ. ಈಗ ಮಣ್ಣಿನಲ್ಲಿ ಮಲಗಿದ್ದೀಯೆ. ಆದರೂ ಹೇಳುತ್ತೇನೆ.

ಇವತ್ತು ನಿನ್ನ ಮಗ ಗಂಗಾಧರ ಖಾಲಿ ಡಬ್ಬಿ ಹಿಡಿದು ಬಂದ. ಟಂಕಸಾಲೆಯಿಂದ ನೀನು ಸಂಗ್ರಹಕ್ಕೆಂದೇ ತರಿಸಿದ್ದ ಬೆಳ್ಳಿಯ ಪ್ರೂಫ್ ನಾಣ್ಯದ ಡಬ್ಬಿ ಅದು. ಕನ್ನಡಿಯಂಥ ಹೊಳಪು ಕೆಡುತ್ತದೆಂದು ಆ ನಾಣ್ಯವನ್ನು ನೀನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

“ದೊಡ್ಡಪ್ಪ, ಮಣ್ಣು ಮಾಡುವಾಗ ಅಪ್ಪನ ಹಣೆಗೆ ಕಾಸು ಇಟ್ಟೋರು ನೀವೇ ಅಲ್ವಾ? ಇದನ್ನೇ ಇಟ್ರಾ?”

ವಿಭೂತಿ ಬಳಿದ ನಿನ್ನ ಹಣೆಗೆ ಚಿಲ್ಲರೆ ಕಾಸಿಡಲು ನನಗೆ ಮನಸ್ಸು ಬಂದಿರಲಿಲ್ಲ. ಹೌದೆಂದು ತಲೆಯಾಡಿಸಿದೆ.

“ಅದರ ರೇಟು ಎಲ್ಲಿಗೋ ಹೋಗೈತೆ. ಆಳು ಕರ್ಕೊಂಡು ಹೋಗಿ ಗುಂಡಿ ತೆಗಿಸ್ತೀನಿ.”

“ಗುದ್ದಲಿ ಮುಟ್ಟಬೇಡ ಕಣೋ! ಮಣ್ಣು ಹಾಕೋಕೆ ಮುಂಚೆ ನಾನೇ ಎತ್ಕೊಂಡೆ.”

“ಹೆಣದ ಮೇಲಿಂದ ಕದ್ರಾ?”

“ಹೂಂ.”

ಅವನು ಬಾಗಿಲಲ್ಲೇ ಉಗಿದು ಹೋದ. ನಾಟಕವಾಗಿದ್ದರೆ ನೀನು ಚಪ್ಪಾಳೆ ತಟ್ಟುತ್ತಿದ್ದೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ತುಮಕೂರಿಗೆ ಹೋಗುತ್ತೇನೆ. ನಿನ್ನದು ನಿನ್ನ ಹಣೆಯ ಮೇಲೇ ಇರಲಿ; ಅಂಥದ್ದೇ ಇನ್ನೊಂದು ನಾಣ್ಯವನ್ನು ಕೇಳಿದಷ್ಟು ಕೊಟ್ಟು ಕೊಳ್ಳುತ್ತೇನೆ. ಆಮೇಲೆ ಡಬ್ಬಿಯಿಂದ ತೆಗೆದು, ಗಂಗಾಧರ ನಂಬಲೆಂದು, ಆ ಹೊಳಪಿನ ಮೇಲೆ ವಿಭೂತಿ ಮೆತ್ತುತ್ತೇನೆ. ಬೈಯಬೇಡ ಕಣೋ.